ಮೂರು ಥರದ ಬಿಲ್ಲುಗಾರರು, ಒಂದೇ ಮೊಣಕೈ ತೊಂದ್ರೆ

ಮೇಜಿನ ಮೇಲೆ ಪುಟಾಣಿ ಗೊಂಬೆ ಸೈನ್ಯ ನಿಲ್ಲಿಸಿ ಆಡೋ ಯುದ್ಧದಾಟ ನಂದು. ಅದರಲ್ಲಿ ನನ್ನ ವುಡ್ ಎಲ್ಫ್ (ಕಾಡಲ್ಲಿರೋ ಚೂಪು ಕಿವಿಯ ಕಾಲ್ಪನಿಕ ಜನ) ಸೈನ್ಯಕ್ಕೆ ಬೇಕಿದ್ದಿದ್ದು 30 ಬಿಲ್ಲುಗಾರರು, ಹತ್ತತ್ತು ಜನರ ಮೂರು ದಂಡು. ಸುಮ್ನೆ ಒಂದೇ ಥರದ್ದು ತಗೊಂಡು ಅಂಟಿಸಿ ಬಣ್ಣ ಬಳಿದಿದ್ರೆ ಎರಡು ತಿಂಗಳಲ್ಲಿ ಮುಗೀತಿತ್ತು, ಆದ್ರೆ ನಾನಿರೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕ, ಈ ಮಿನಿಯೇಚರ್ ಹುಚ್ಚಿಗೆ ತವರುಮನೆ ಅಂದ್ರೆ ಅದೇ, ಈ ಆಟ ಮಾಡೋ ಗೇಮ್ಸ್ ವರ್ಕ್‌ಶಾಪ್ ಕಂಪನಿ ಅಲ್ಲೇ, ಗೊಂಬೆ ಕೆತ್ತೋ ಪೆರಿ ಅಣ್ಣತಮ್ಮಂದಿರೂ ಅಲ್ಲೇ, ಕ್ಲಬ್‌ಗೆ ಹೋದ್ರೆ ಒಬ್ಬೊಬ್ರದ್ದು ಒಂದೊಂದು ಸಲಹೆ. ಯಾರ ಮಾತೂ ಮೀರೋಕಾಗ್ದೆ ಮೂರು ದಾರಿಲೂ ಹತ್ತತ್ತು ಮಾಡಿ ನೋಡ್ದೆ.

ಮೊದಲ್ನೇದು ಹಳೇ ಗ್ಲೇಡ್ ಗಾರ್ಡ್ (ಗೇಮ್ಸ್ ವರ್ಕ್‌ಶಾಪ್‌ನ ವುಡ್ ಎಲ್ಫ್ ಬಿಲ್ಲುಗಾರರು) ಪ್ಲಾಸ್ಟಿಕ್, 2005ರ ಕಾಲದ್ದು, ಸೆಕೆಂಡ್ ಹ್ಯಾಂಡ್. ಎರಡ್ನೇದು ಪೆರಿ ಮಿನಿಯೇಚರ್ಸ್‌ನ ವಾರ್ಸ್ ಆಫ್ ದ ರೋಸಸ್ ಬಾಕ್ಸ್, 40 ಜನ 15ನೇ ಶತಮಾನದ ಇಂಗ್ಲಿಷ್ ಸೈನಿಕರು, ಅಪ್ಪಟ ಮನುಷ್ಯರು, ಅವರ ತಲೆ ತೆಗೆದು ಎಲ್ಫ್ ತಲೆ ಇಡೋದು. ಮೂರ್ನೇದು ರೆಸಿನ್‌ನಲ್ಲಿ (ಬೆಳಕು ಬಿದ್ರೆ ಗಟ್ಟಿಯಾಗೋ ದ್ರವ) 3ಡಿ ಪ್ರಿಂಟ್ ಮಾಡಿಸಿದ್ದು. ಓತ್‌ಮಾರ್ಕ್ ಅನ್ನೋ ಇನ್ನೊಂದು ಆಟದ ಎಲ್ಫ್ ಬಾಕ್ಸ್ ಕೂಡ ಇದೆ, ಒಂದರಲ್ಲಿ 30 ಜನ, ಬಿಲ್ಲು ಈಟಿ ಕತ್ತಿ ಯಾವುದ್ ಬೇಕೋ ಅದು ಕೊಡಬಹುದು, ತಲೆನೋವೇ ಬೇಡ ಅನ್ನೋರು ಅದನ್ನೇ ತಗೊಳ್ಳಿ, ನಾನು ತಗೊಂಡಿಲ್ಲ.

ಸೆಕೆಂಡ್ ಹ್ಯಾಂಡ್ ಹತ್ತು ಜನದ ಮೇಲೆ ಹಳೇ ಬಣ್ಣ ದೋಸೆ ಹಿಟ್ಟಿನ ಥರ ದಪ್ಪಗೆ ಕೂತಿತ್ತು. ಇಲ್ಲಿಯವರು ಬಣ್ಣ ಬಿಡಿಸೋಕೆ ಡೆಟಾಲ್‌ನಲ್ಲಿ ನೆನೆಹಾಕ್ತಾರೆ, ನೀರು ಬೆರೆಸದ ಡೆಟಾಲ್, ಒಂದು ರಾತ್ರಿ. ಬೆಳಿಗ್ಗೆ ಬ್ರಷ್‌ನಲ್ಲಿ ಉಜ್ಜಿದ್ರೆ ಚೆನ್ನಾಗಿ ಬಿಡತ್ತೆ, ಆದ್ರೆ ತೊಳೆಯೋದೂ ಡೆಟಾಲ್‌ನಲ್ಲೇ ಆಗ್ಬೇಕು, ಬಣ್ಣ ಪೂರ್ತಿ ಹೋಗೋವರೆಗೂ ನೀರು ತಾಗಿಸಬಾರದು. ನಾನು ಸೀದಾ ನಲ್ಲಿ ಕೆಳಗೆ ಹಿಡಿದೆ. ಬಣ್ಣ ಎಲ್ಲಾ ಹಲಸಿನ ಅಂಟಿನ ಥರ ಆಗಿ ಬೆರಳಿಗೆ, ಸಿಂಕಿಗೆ, ಎಲ್ಫ್ ಮೂತಿಗೆ ಮೆತ್ಕೊಂಡು ಮತ್ತೆ ಮೊದಲಿಂದ ನೆನೆಹಾಕ್ಬೇಕಾಯ್ತು. ಆಗ ಮೈಸೂರಿಂದ ಅಮ್ಮ ಬಂದಿದ್ರು, ಬೆಳಿಗ್ಗೆ ಎದ್ದವರೇ "ಯಾರಿಗೋ ಏನಾಯ್ತು, ಆಸ್ಪತ್ರೆ ವಾಸನೆ" ಅಂತ ಗಾಬರಿಯಾಗಿ ಅಡುಗೆಮನೆಗೆ ಬಂದ್ರು. ಗೊಂಬೆ ತೋರಿಸಿದ್ಮೇಲೆ "ಗೊಂಬೆ ಕೂರಿಸೋದು ನವರಾತ್ರಿಗೆ ಕಣೋ, ನಿಂದೇನಿದು ವರ್ಷಪೂರ್ತಿ" ಅಂದ್ರು.

ಈಗ ಅಸಲಿ ವಿಷ್ಯ, ಮೊಣಕೈ. ಇದು ಸಾಲಾಗಿ ನಿಲ್ಲಿಸೋ ಆಟ. 2024ರಲ್ಲಿ ಈ ಆಟದ ಹೊಸ ರೂಪ ದಿ ಓಲ್ಡ್ ವರ್ಲ್ಡ್ ಬಂದಾಗ ಎಲ್ಫ್ ಕಾಲಾಳಿನ ಬೇಸ್ (ಕಾಲಡಿಯ ಚೌಕ ಪೀಠ) 20 ಎಂಎಂ ಇದ್ದಿದ್ದು 25 ಎಂಎಂ ಆಯ್ತು, ಅಂದ್ರೆ ಹತ್ತು ಜನ ನಿಂತ್ರೆ 250 ಎಂಎಂ ಉದ್ದದ ಸಾಲು, ಒಬ್ಬೊಬ್ರಿಗೆ ಸಿಗೋದು ಎರಡೂವರೆ ಸೆಂಟಿಮೀಟರ್. ಬಿಲ್ಲು ಎಳೆದಿರೋ ಗೊಂಬೆ ಎದೆ ನೇರ ಮುಂದಕ್ಕೆ ಕೊಟ್ಟು ಕೈ ಎರಡೂ ಪಕ್ಕಕ್ಕೆ ಚಾಚಿತ್ತು ಅಂದ್ರೆ ಮೊಣಕೈ ಹೋಗಿ ಪಕ್ಕದವನ ಕೆನ್ನೆಗೆ. ಬಿಎಂಟಿಸಿ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಂಗೆ. ಬಿಲ್ಲುಗಾರ ನಿಜವಾಗ್ಲೂ ನಿಲ್ಲೋ ಥರ ಮೈಯನ್ನ ಓರೆ ಮಾಡಿ ನಿಂತಿದ್ರೆ ಬಿಲ್ಲು ಮುಂದಕ್ಕೆ, ಮೊಣಕೈ ಹಿಂದಕ್ಕೆ, ಪಕ್ಕದವನಿಗೆ ತೊಂದ್ರೆನೇ ಇಲ್ಲ. ಅಂಗಡಿಲಿ ಒಂದೊಂದೇ ಗೊಂಬೆ ಕೈಲಿ ಹಿಡಿದು ನೋಡುವಾಗ ಇದ್ಯಾವ್ದೂ ಗೊತ್ತಾಗಲ್ಲ.

ನನ್ನ ಗ್ಲೇಡ್ ಗಾರ್ಡ್‌ಗಳನ್ನ ಹಳೇ ಯಜಮಾನ ಒಬ್ಬೊಬ್ಬನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿ ಅಂಟಿಸಿದ್ದ, ಒಬ್ಬ ಆಕಾಶಕ್ಕೆ, ಒಬ್ಬ ಪಕ್ಕದವನ ಕಿವಿಗೆ. ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಹಾಕಿದ್ರೆ ಪ್ಲಾಸ್ಟಿಕ್ ಕರಗಿ ಎರಡೂ ಒಂದೇ ಆಗ್ಬಿಡತ್ತೆ, ಕೀಳೋಕೆ ಬರಲ್ಲ, ಗರಗಸದಲ್ಲಿ ಕೊಯ್ಯಬೇಕು. ನಾಲ್ಕು ಜನದ ಭುಜ ಕೊಯ್ದು ತಿರುಗಿಸಿ ಕೂರಿಸ್ದೆ, ಉಳಿದವರನ್ನ 25ರ ಬೇಸ್ ಮೇಲೆ ಒಂಚೂರು ಓರೆಯಾಗಿ ನಿಲ್ಲಿಸ್ದೆ, ಅಷ್ಟಕ್ಕೇ ಸರಿಹೋಯ್ತು. ಮುಖ ಮಾತ್ರ ಸೂಪರ್, ಆ ಚೂಪು ಗಲ್ಲ, ಹೆಗಲ ಮೇಲಿನ ಬಟ್ಟೆ, ಎಲ್ಫ್ ಅಂತ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ಪೆರಿ ಗೊಂಬೆಗಳು ಸಣಕಲು, ನಿಜವಾದ ಮನುಷ್ಯರ ಅಳತೆ, ಕೈ ತಲೆ ಎಲ್ಲಾ ಚಿಕ್ಕದು. ಫ್ಯಾಂಟಸಿ ಸೈನಿಕರ ಪಕ್ಕ ನಿಲ್ಲಿಸಿದ್ರೆ ಉಪವಾಸ ಇದ್ದಂಗೆ ಕಾಣ್ತಾರೆ ಅಂತ ಕೆಲವರು ಬೇಡ ಅಂತಾರೆ, ಆದ್ರೆ ಎಲ್ಫ್‌ಗೆ ಬೇಕಿರೋದೇ ಸಣಕಲು ಮೈ! ಕತ್ತು ಕೊಯ್ದು, ಅರ್ಧ ಎಂಎಂ ತಂತಿ ಚುಚ್ಚಿ, ಎಲ್ಫ್ ಕಿಟ್‌ನಲ್ಲಿ ಉಳಿದಿದ್ದ ತಲೆ ಕೂರಿಸಿ, ಕತ್ತಿನ ಸುತ್ತ ಗ್ರೀನ್ ಸ್ಟಫ್ ತುಂಬಿದ್ರೆ ಆಯ್ತು. ಗ್ರೀನ್ ಸ್ಟಫ್ ಅಂದ್ರೆ ಬೇರೇನಲ್ಲ, ಊರಲ್ಲಿ ನಲ್ಲಿ ಸೋರಿದ್ರೆ ಹಚ್ತೀವಲ್ಲ ಎಂ-ಸೀಲ್, ಅದರ ಶ್ರೀಮಂತ ನೆಂಟ, ನೀಲಿ ಹಳದಿ ಎರಡು ಪಟ್ಟಿ ನಾದಿದ್ರೆ ಹಸಿರಾಗತ್ತೆ, ಒಂದು ಗಂಟೆಗಿಂತ ಜಾಸ್ತಿ ಹೊತ್ತು ಬೇಕಾದ ಆಕಾರ ಕೊಡ್ಬೋದು. ಅದರಲ್ಲೇ ಚಪಾತಿ ಥರ ಲಟ್ಟಿಸಿ ಮೇಲುಹೊದಿಕೆನೂ ಮಾಡ್ದೆ. ಇಂಗ್ಲಿಷ್ ಬಿಲ್ಲುಗಾರರು ಬಾಣಾನ ಸೊಂಟಕ್ಕೆ ಸಿಕ್ಕಿಸಿಕೊಳ್ತಿದ್ರು, ನೆಲಕ್ಕೂ ಚುಚ್ಚಿಟ್ಕೊಳ್ತಿದ್ರು, ನಾನು ಸೊಂಟದ್ದು ಕೆತ್ತಿ ತೆಗೆದು ಬೆನ್ನಿಗೆ ಬತ್ತಳಿಕೆ ಹಾಕ್ದೆ, ನೆಲದ್ದು ಹಂಗೇ ಬಿಟ್ಟೆ, ಚೆನ್ನಾಗಿ ಕಾಣತ್ತೆ. ಒಬ್ಬೊಬ್ಬನಿಗೂ ಒಂದು ಗಂಟೆ ಹಿಡೀತು. ಆದ್ರೆ ಸಾಲಲ್ಲಿ ನಿಲ್ಲಿಸ್ದಾಗ ಹತ್ತೂ ಜನ ಗಪ್ಪಂತ ಕೂತ್ರು, ಮೊದಲ್ನೇ ಸಲಕ್ಕೇ, ಒಂದು ಮೊಣಕೈಯೂ ತಾಗಲಿಲ್ಲ, ಆ ಖುಷಿಗೆ ಎದ್ದು ಕಾಫಿ ಮಾಡ್ಕೊಂಡು ಬಂದು ಮತ್ತೊಂದ್ಸಲ ನೋಡ್ದೆ.

ಪ್ರಿಂಟ್ ಮಾಡಿಸಿದ್ದು ನೋಡೋಕೆ ಮೂರರಲ್ಲೂ ಚೆಂದ, ಎಲೆಯ ನರ ಕೂಡ ಕಾಣತ್ತೆ. ಬಿಲ್ಲು ಮಾತ್ರ ಕಡ್ಡಿಯಷ್ಟು ತೆಳ್ಳಗೆ, ಮಾಮೂಲಿ ರೆಸಿನ್ ಬಾಗಲ್ಲ, ಪಟ್ಟಂತ ಮುರಿಯತ್ತೆ. ಡಬ್ಬಿಯಿಂದ ತೆಗೆಯುವಾಗ್ಲೇ ಎರಡು ಹೋಯ್ತು, ಮೊದಲ್ನೇ ಆಟದಲ್ಲಿ ಇನ್ನೊಂದು. ನಾಟಿಂಗ್‌ಹ್ಯಾಮ್ ಕೋಟೆ ಹೊರಗೆ 1952ರ ರಾಬಿನ್ ಹುಡ್ ಪ್ರತಿಮೆ ಇದೆ, ಕಂಚಿಂದು, ಅದರ ಬಾಣಾನೇ ಜನ ಎಷ್ಟೋ ಸಲ ಕಿತ್ಕೊಂಡು ಹೋಗಿದಾರೆ, ಇನ್ನು ನನ್ನ ರೆಸಿನ್ ಯಾವ ಲೆಕ್ಕ. ಪ್ರಿಂಟ್ ಮಾಡಿಸೋದಾದ್ರೆ ಬಾಗೋ ಥರದ ರೆಸಿನ್ ಸ್ವಲ್ಪ ಬೆರೆಸಿ ಅಂತ ಮೊದಲೇ ಹೇಳಿ. ರೆಸಿನ್‌ಗೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲ್ಲ, ಸೂಪರ್ ಗ್ಲೂನೇ ಬೇಕು.

ಹೆದೆ ವಿಷ್ಯ. ಪೆರಿ ಬಿಲ್ಲಿಗೆ ನಾನೇ ಕಟ್ಟಿದೆ. ಹೊಲಿಗೆ ದಾರ ಹಗ್ಗದ ಥರ ಕಾಣತ್ತೆ. ಅಮ್ಮನ ಕೂದಲೊಂದು ಕೇಳಿ ಇಸ್ಕೊಂಡೆ, ಅಳತೆ ಸರಿ ಇತ್ತು, ಆದ್ರೆ ಬಣ್ಣ ನಿಲ್ಲಲ್ಲ, ಸುರುಳಿ ಬೇರೆ ಸುತ್ಕೊಳ್ಳತ್ತೆ. ಕೊನೆಗೆ ಗೆದ್ದಿದ್ದು ಗೊಂಬೆ ಬಂದಿರೋ ಪ್ಲಾಸ್ಟಿಕ್ ಚೌಕಟ್ಟಿನದೇ ತುಂಡು. ದೇವರ ಮುಂದಿನ ಹಣತೆ ಉರಿಯಿಂದ ಎರಡಿಂಚು ಮೇಲೆ ಹಿಡಿದು ತಿರುಗಿಸ್ತಾ ಇರ್ಬೇಕು, ಹೊಳಪು ಬಂದು ಮೆತ್ತಗಾದ ತಕ್ಷಣ ಈಚೆ ತೆಗೆದು ಎರಡೂ ಕಡೆಯಿಂದ ನಿಧಾನಕ್ಕೆ ಎಳೆದ್ರೆ ಸಕ್ಕರೆ ಪಾಕದ ಎಳೆ ಥರ ಬರತ್ತೆ, ಬೇಗ ಎಳೆದ್ರೆ ತುಂಡಾಗತ್ತೆ. ಕಿಟಕಿ ತೆಗೆದಿಟ್ಕೊಂಡು ಮಾಡಿ. ಪ್ಲಾಸ್ಟಿಕ್ ಬಿಲ್ಲಿಗೆ ಸಿಮೆಂಟ್‌ನಲ್ಲೇ ಅಂಟಿಕೊಳ್ಳತ್ತೆ.

ಬಣ್ಣಕ್ಕೆ ಪ್ರತಿ ಹತ್ತರಲ್ಲೂ ಐದಕ್ಕೆ ಕಾಂಟ್ರಾಸ್ಟ್ (ಒಂದೇ ಕೋಟ್‌ಗೆ ಬಣ್ಣ ನೆರಳು ಎರಡೂ ಕೊಡೋ ತೆಳು ಬಣ್ಣ) ಥರದ್ದು, ಐದಕ್ಕೆ ಹಳೇ ಪದ್ಧತಿ, ಮೊದಲು ಬೇಸ್ ಬಣ್ಣ, ನೆರಳಿಗೆ ತೆಳು ವಾಶ್, ಉಬ್ಬಿದ ಕಡೆ ತಿಳಿ ಹೈಲೈಟ್. ಕಾಂಟ್ರಾಸ್ಟ್‌ನಲ್ಲಿ ಒಬ್ಬನಿಗೆ 20 ನಿಮಿಷ, ಹಳೇದರಲ್ಲಿ 50. ಬಟ್ಟೆ ಮಡಿಕೆ ಜಾಸ್ತಿ ಇರೋ ಕಡೆ ಕಾಂಟ್ರಾಸ್ಟ್ ತಾನೇ ಹರಿದು ನೆರಳು ಮಾಡ್ಕೊಳ್ಳತ್ತೆ, ಪೆರಿ ಮೈಗೆ ಹೇಳಿ ಮಾಡಿಸಿದಂಗಿದೆ, ಸ್ನೇಕ್‌ಬೈಟ್ ಲೆದರ್ ಅನ್ನೋ ಕಂದು ಬಣ್ಣ ಒಂದೇ ಕೋಟ್‌ಗೆ ಚರ್ಮದ ಬೆಲ್ಟ್ ಮುಗೀತು. ಪ್ರಿಂಟ್‌ನ ನುಣುಪು ಹೊದಿಕೆ ಮೇಲೆ ಮಾತ್ರ ಕಲೆ ಕಲೆ, ಪ್ರಿಂಟ್‌ನ ಪದರದ ಗೆರೆಗಳೂ ಎದ್ದು ಕಂಡ್ವು, ಅಲ್ಲಿ ಹಳೇ ಪದ್ಧತಿನೇ ಸರಿ. ಇನ್ನೊಂದು, ನಾನು ಗ್ರೀನ್ ಸ್ಟಫ್‌ನಲ್ಲಿ ಮಾಡಿದ್ದ ಹೊದಿಕೆ ಬರಿಗಣ್ಣಿಗೆ ನುಣ್ಣಗಿತ್ತು, ಹಸಿರು ಕಾಂಟ್ರಾಸ್ಟ್ ಹಾಕಿದ ತಕ್ಷಣ ಮೂರ್ನೇಯವನ ಬೆನ್ನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಗೆರೆ ಗೆರೆಯಾಗಿ ಮೂಡಿಬಂತು, ರಿಜಿಸ್ಟ್ರಾರ್ ಆಫೀಸಲ್ಲಿ ಒತ್ತಿದಂಗೆ. ಬೆರಳಿಗೆ ನೀರು ಹಚ್ಕೊಂಡು ಒತ್ತಿದ್ರೆ ಇದು ಆಗಲ್ಲ, ಆಮೇಲೆ ಗೊತ್ತಾಯ್ತು. ಅಳಿಸಲಿಲ್ಲ, ಅವನನ್ನ ಹಿಂದಿನ ಸಾಲಿಗೆ ಹಾಕಿದೀನಿ.

ದುಡ್ಡು ಟೈಮು ಎರಡೂ ಲೆಕ್ಕ ಹಾಕಿದ್ರೂ ನನ್ನ ಓಟು ಪೆರಿ ಮೈಗೇನೇ. ಸುಮ್ನೆ ಕಪಾಟಲ್ಲಿಟ್ಟು ನೋಡೋದಾದ್ರೆ ಪ್ರಿಂಟ್ ತಗೊಳ್ಳಿ, ಆಡೋರಿಗೆ ಬೇಡ. ಬಾಕ್ಸಲ್ಲಿ ಇನ್ನೂ 30 ಮೈ ಉಳಿದಿದೆ, ಎಲ್ಫ್ ತಲೆ ಮುಗಿದಿದೆ, ಯಾರ ಹತ್ರನಾದ್ರೂ ಎಕ್ಸ್‌ಟ್ರಾ ಇದ್ರೆ ಹೇಳಿ, ಕಿವಿ ಮುರಿದಿದ್ರೂ ಪರವಾಗಿಲ್ಲ.