ಅಣಬೆ ರೆಡಿ ಬ್ಯಾಗ್: ಮೂರನೇ ಕೊಯ್ಲಿನವರೆಗೂ ಬಳಸಿದವರ ಅನುಭವ

ಅಣಬೆ ಬ್ಯಾಗ್ ಬಗ್ಗೆ ಬರುವ ವಿಮರ್ಶೆಗಳು ಸಾಮಾನ್ಯವಾಗಿ ಮೊದಲ ಕೊಯ್ಲಿನ ಫೋಟೋಗೇ ಮುಗಿದುಬಿಡುತ್ತವೆ. ಆದರೆ ಮೊದಲ ಬೆಳೆ ಬಹುಪಾಲು ಬ್ಯಾಗ್ ಮಾಡಿಕೊಟ್ಟವರ ಕೆಲಸ. ನಮ್ಮ ಕೆಲಸ ಶುರುವಾಗುವುದು ಅದನ್ನು ಕಿತ್ತ ಮೇಲೆ. ಬೆಂಗಳೂರಿನ ಬಾಡಿಗೆ ಮನೆಯ ಯುಟಿಲಿಟಿಯಲ್ಲಿ ಎರಡು ವರ್ಷಕ್ಕೂ ಮೇಲಿಂದ ಸಿಂಪಿ ಅಣಬೆ ಬೆಳೆಯುತ್ತಿದ್ದೇನೆ. ಮಳೆ, ಚಳಿ, ಬೇಸಿಗೆ ಮೂರರಲ್ಲೂ ಬ್ಯಾಗ್ ಇಟ್ಟು ನೋಡಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡಬಹುದು, ಆದರೆ ಆ ನಾಲ್ಕು ಸ್ಟಾರ್ ಎರಡನೇ, ಮೂರನೇ ಬೆಳೆಯನ್ನೂ ತೆಗೆಯುವವರಿಗೆ ಮಾತ್ರ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಭತ್ತದ ಹುಲ್ಲನ್ನು ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ನೀರು ಬಸಿದು, ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆ ಬೀಜ ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. 15ರಿಂದ 20 ದಿನದಲ್ಲಿ ಅಣಬೆಯ ಬೇರಿನಂಥ ಬಿಳಿ ಎಳೆ ಹುಲ್ಲಿನ ತುಂಬ ಹಬ್ಬುತ್ತದೆ. ಹಾಗೆ ಹಬ್ಬಿದ ಮೇಲೆ ಮಾರುವುದೇ ರೆಡಿ ಬ್ಯಾಗ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ಸಿಗುತ್ತದೆ, ರೆಡಿ ಬ್ಯಾಗೂ ಸಿಗುತ್ತದೆ. ನಾನು ಶುರು ಮಾಡಿದ್ದು ಅಲ್ಲಿಂದಲೇ. ಆನ್‌ಲೈನ್‌ನಲ್ಲಿ ಬರುವ ಚಂದದ ಡಬ್ಬಿಗಳಲ್ಲಿ ಹುಲ್ಲಿನ ಬದಲು ಮರದ ಪುಡಿ, ತವುಡು ಇರುವುದೂ ಉಂಟು. ಎರಡನ್ನೂ ಬಳಸಿದ್ದೇನೆ. ಮುಂದೆ ಹೇಳುವುದು ಎರಡಕ್ಕೂ ಹೊಂದುತ್ತದೆ.

ಬ್ಯಾಗ್ ಮನೆಗೆ ಬಂದ ಕೂಡಲೇ ತೂಕ ಹಾಕಿ, ಅದರ ಮೇಲೇ ಬರೆದಿಡಿ. ಎರಡನೇ ಬೆಳೆಯ ಗುಟ್ಟೆಲ್ಲ ಆ ತೂಕದಲ್ಲಿದೆ. ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ಅರ್ಧ ಕೆಜಿ ಕಿತ್ತಿರಿ ಅಂದರೆ 450 ಗ್ರಾಂ ನೀರು ಆ ಹುಲ್ಲಿನಿಂದ ಹೊರಟುಹೋಯಿತು ಅಂತ ಅರ್ಥ. ಜೊತೆಗೆ ಗಾಳಿಗೆ ಆರಿದ್ದು ಬೇರೆ. ಮೇಲೆ ಮೇಲೆ ಸುಮ್ನೆ ಸ್ಪ್ರೇ ಮಾಡುತ್ತಾ ಕೂತರೆ ಅಷ್ಟು ನೀರು ವಾಪಸ್ ಒಳಗೆ ಹೋಗುವುದಿಲ್ಲ. ಬಹಳ ಜನ "ಒಂದೇ ಸಲ ಬಂತು, ಆಮೇಲೆ ಏನೂ ಬರಲಿಲ್ಲ" ಅನ್ನುತ್ತಾರಲ್ಲ, ಅವರ ಬ್ಯಾಗ್ ಕೈಯಲ್ಲಿ ಎತ್ತಿ ನೋಡಿದರೆ ಹತ್ತಿಯ ಹಾಗೆ ಹಗುರವಾಗಿರುತ್ತದೆ. ಎಳೆ ಸತ್ತಿರುವುದಿಲ್ಲ, ಬಾಯಾರಿರುತ್ತದೆ ಅಷ್ಟೆ.

ಎಷ್ಟು ಬೆಳೆ ನಿರೀಕ್ಷಿಸಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಎರಡು ಕೆಜಿ ಬ್ಯಾಗಿನಲ್ಲಿ ಒಣ ಹುಲ್ಲು ಇರುವುದು ಸುಮಾರು 600ರಿಂದ 700 ಗ್ರಾಂ, ಮಿಕ್ಕಿದ್ದು ನೀರು. ಎಲ್ಲ ಕೊಯ್ಲೂ ಸೇರಿ ಒಣ ಹುಲ್ಲಿನಷ್ಟೇ ತೂಕದ ಹಸಿ ಅಣಬೆ ಬಂದರೆ ಅದು ಒಳ್ಳೆಯ ಬೆಳೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಮೊದಲ ಸಲವೇ ಬಂದುಬಿಡುತ್ತದೆ. ಮಿಕ್ಕ ಅರ್ಧಕ್ಕೆ ನಾವು ಕಾಯಬೇಕು, ನೋಡಿಕೊಳ್ಳಬೇಕು. ಒಂದೇ ಕೊಯ್ಲಿಗೆ ಬ್ಯಾಗ್ ಬಿಸಾಡಿದರೆ ಅಂಗಡಿಯ 200 ಗ್ರಾಂ ಪ್ಯಾಕೆಟ್ಟೇ ಅಗ್ಗ ಅನ್ನಿಸೀತು.

ಈಗ ಕೊಯ್ಲಿನ ವಿಷಯ. ಕತ್ತರಿ ಹಾಕಬೇಡಿ. ಗೊಂಚಲಿನ ಬುಡವನ್ನು ಪೂರ್ತಿ ಹಿಡಿದು, ಮೆಲ್ಲಗೆ ತಿರುಚಿ ಎಳೆದರೆ ಇಡೀ ಗೊಂಚಲು ಕೈಗೆ ಬರುತ್ತದೆ. ಜೊತೆಗೆ ನಾಲ್ಕು ಹುಲ್ಲಿನ ಕಡ್ಡಿ ಬಂದರೂ ಪರವಾಗಿಲ್ಲ. ಆಮೇಲೆ ಗೊಂಚಲು ಹೊರಬಂದಿದ್ದ ಚೀಲದ ತೂತಿನೊಳಗೆ ಸರಿಯಾಗಿ ನೋಡಿ. ಬೆರಳಿನಷ್ಟು ದಪ್ಪದ ತೊಟ್ಟಿನ ಚೂರು, ಅದರ ಪಕ್ಕದಲ್ಲಿ ಬೆಳೆಯದೇ ಕಂದಾಗಿ ಸುಕ್ಕುಗಟ್ಟಿದ ಪುಟ್ಟ ಮೊಗ್ಗುಗಳು ಉಳಿದಿರುತ್ತವೆ. ಅಲ್ಲೇ ಬಿಟ್ಟರೆ ಅವು ಕೊಳೆತು ಲೋಳೆಯಾಗುತ್ತವೆ. ಆ ವಾಸನೆಗೆ ಸಣ್ಣ ಕಪ್ಪು ನೊಣ ಬಂದು ಮೊಟ್ಟೆ ಇಡುತ್ತದೆ. ಮರಿಹುಳು ಎಳೆಯನ್ನೇ ತಿನ್ನುತ್ತದೆ. ಬಿಸಿನೀರಿನಲ್ಲಿ ತೊಳೆದ ಚಮಚದಿಂದ ಆ ಜಾಗವನ್ನು ಕೆರೆದು ಬಿಳಿ ಎಳೆ ಕಾಣುವವರೆಗೆ ಸ್ವಚ್ಛ ಮಾಡುತ್ತೇನೆ. ಎರಡು ನಿಮಿಷದ ಕೆಲಸ. ಮುಂದಿನ ಬೆಳೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಆಮೇಲೆ ಎರಡು ಮೂರು ದಿನ ಬ್ಯಾಗಿಗೆ ವಿಶ್ರಾಂತಿ. ಸ್ಪ್ರೇ ಕಡಿಮೆ. ಎಳೆ ಮತ್ತೆ ಸುಧಾರಿಸಿಕೊಂಡು ಗಾಯದ ಜಾಗಕ್ಕೆಲ್ಲ ಬೆಳ್ಳಗೆ ಹಬ್ಬುತ್ತದೆ. ಆಗ ತೂಕ ಹಾಕಿ. ತೀರಾ ಇಳಿದಿದ್ದರೆ ಬಕೆಟ್‌ನಲ್ಲಿ ತಣ್ಣೀರು ತುಂಬಿ ಬ್ಯಾಗ್ ಮುಳುಗಿಸಿ. ಅದು ತೇಲುತ್ತದೆ, ಮೇಲೊಂದು ನೀರು ತುಂಬಿದ ಪಾತ್ರೆ ಇಡಬೇಕು. ಹುಲ್ಲಿನ ಬ್ಯಾಗಿಗೆ ಕೆಲವು ಗಂಟೆ ಸಾಕು. ಮರದ ಪುಡಿಯದು ಗಟ್ಟಿ, ನೀರು ಒಳಗೆ ಹೋಗುವುದು ನಿಧಾನ, ಅದಕ್ಕೆ ರಾತ್ರಿಯಿಡೀ ಬೇಕಾಗುತ್ತದೆ. ಎತ್ತಿದ ಮೇಲೆ ತೂತು ಕೆಳಗೆ ಮಾಡಿ ಪೂರ್ತಿ ಬಸಿಯಬೇಕು. ಚೀಲದ ತಳದಲ್ಲಿ ನೀರು ನಿಂತರೆ ಅಲ್ಲಿಂದಲೇ ಹುಳಿ ವಾಸನೆ ಶುರು.

ಇಷ್ಟಾದರೆ ಏಳೆಂಟು ದಿನಕ್ಕೋ ಹತ್ತು ದಿನಕ್ಕೋ ಸಾಸಿವೆ ಕಾಳಿನಷ್ಟು ಮೊಗ್ಗು ಮೂಡುತ್ತದೆ. ಅಲ್ಲಿಂದ ಮೂರು ನಾಲ್ಕು ದಿನದಲ್ಲಿ ಅಂಗೈ ಅಗಲ. ಬೆಳಗ್ಗೆ ನೋಡಿದ್ದು ಸಂಜೆಗೆ ಇನ್ನೊಂದು ಗಾತ್ರ! ಈ ಖುಷಿ ನನಗಿನ್ನೂ ಹಳತಾಗಿಲ್ಲ. ಮಕ್ಕಳಿರುವ ಮನೆಯಲ್ಲಿ ಒಂದಾದರೂ ಬ್ಯಾಗ್ ಇಟ್ಟು ನೋಡಿ ಅನ್ನುವುದು ಇದಕ್ಕೇ.

ಮೊಗ್ಗು ಬಂದ ಮೇಲೆ ನೀರಿಗಿಂತ ಗಾಳಿಯ ಕಡೆ ಗಮನ ಇರಲಿ. ತೇವ ಇರುತ್ತದೆ ಅಂತ ಬಾಗಿಲು ಹಾಕಿದ ಬಚ್ಚಲಲ್ಲಿ ಇಡುತ್ತಾರೆ. ಅಣಬೆಯೂ ಉಸಿರಾಡುತ್ತದೆ ಅಲ್ವಾ, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ಸುತ್ತುತ್ತಿದ್ದರೆ ತೊಟ್ಟು ಉದ್ದುದ್ದ ಬೆಳೆದು ಕೊಡೆ ಗುಂಡಿಯಷ್ಟೇ ಉಳಿಯುತ್ತದೆ. ಗಾಳಿ ತೀರಾ ಜಾಸ್ತಿಯಾದರೆ ಅಂಚು ಒಣಗಿ ಸೀಳುತ್ತದೆ. ನಮ್ಮ ಯುಟಿಲಿಟಿಯಲ್ಲಿ ಗ್ರಿಲ್‌ಗೆ ಒದ್ದೆ ಗೋಣಿತಟ್ಟು ಕಟ್ಟಿದ್ದೇನೆ. ಗಾಳಿ ಅದರ ಮೂಲಕ ಬರುತ್ತದೆ, ತೇವ ತರುತ್ತದೆ. ಪೇಪರ್ ಓದುವಷ್ಟು ಬೆಳಕು ಸಾಕು, ನೇರ ಬಿಸಿಲು ಬೇಡ.

ಕಾಲದ ಪ್ರಕಾರ ಹೇಳುವುದಾದರೆ, ಜುಲೈಯಿಂದ ನವೆಂಬರ್‌ವರೆಗೆ ಬೆಂಗಳೂರಲ್ಲಿ ಸಿಂಪಿ ಅಣಬೆಗೆ ಹಬ್ಬ. 20ರಿಂದ 28 ಡಿಗ್ರಿ ಅದಕ್ಕೆ ಹಿತ. ಡಿಸೆಂಬರ್, ಜನವರಿಯಲ್ಲಿ ತಂಪಿದ್ದರೂ ಒಣಗಾಳಿ, ಗೋಣಿತಟ್ಟನ್ನು ಮತ್ತೆ ಮತ್ತೆ ನೆನೆಸಬೇಕು. ಮಾರ್ಚ್ ಕಳೆದ ಮೇಲೆ ಬಿಳಿ ಜಾತಿ ಮಂಕಾಗುತ್ತದೆ, ಎರಡನೇ ಬೆಳೆ ತೀರಾ ತಡ. ಗುಲಾಬಿ ಬಣ್ಣದ ಜಾತಿ ಸೆಕೆ ತಡೆಯುತ್ತದೆ, ಆದರೆ ಕಿತ್ತ ದಿನವೇ ಅಡುಗೆ ಮಾಡಬೇಕು, ಫ್ರಿಜ್ಜಿನಲ್ಲೂ ಬೇಗ ಬಾಡುತ್ತದೆ. ಬೇಸಿಗೆಗೆಂದೇ ಹಾಲು ಅಣಬೆ ಇದೆ, ಅದಕ್ಕೆ ಮೇಲೆ ಮಣ್ಣಿನ ಪದರ ಹಾಕಬೇಕು. ಮೊದಲ ಸಲದವರಿಗೆ ನಾನು ಅದನ್ನು ಹೇಳುವುದಿಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ? ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ "ಕತ್ತರಿಸಿ, ನೀರು ಸಿಂಪಡಿಸಿ, ಕೊಯ್ಯಿರಿ" ಅಂತ ಇತ್ತು, ಅಲ್ಲಿಗೆ ಮುಗಿಯಿತು. ಬೀಜ ತುಂಬಿದ ತಾರೀಖೂ ಇರಲಿಲ್ಲ. ದಾರಿಯಲ್ಲಿ ಸೆಕೆಗೆ ಬೆಂದು, ಡಬ್ಬಿಯೊಳಗೇ ಮೊಗ್ಗು ಬಂದು ಒಣಗಿತ್ತು. ಕೆರೆದು, ನೆನೆಸಿ ಅದರಿಂದಲೂ ಬೆಳೆ ತೆಗೆದೆ, ಆದರೆ ಹೊಸಬರಾಗಿದ್ದರೆ ಬಿಸಾಡುತ್ತಿದ್ದರು. ದುಡ್ಡು ತೆಗೆದುಕೊಳ್ಳುವವರು ಎರಡನೇ ಬೆಳೆಯ ಬಗ್ಗೆ ನಾಲ್ಕು ಸಾಲು ಬರೆಯಲೇಬೇಕು. ಕೊಳ್ಳುವ ಮೊದಲು ಬೀಜ ತುಂಬಿದ ತಾರೀಖು ಕೇಳಿ. ಹೇಳದವರ ಹತ್ತಿರ ತರಿಸಬೇಡಿ.

ಆರೋಗ್ಯದ ಒಂದು ವಿಷಯ. ಕೊಡೆಯ ಅಂಚು ಕೆಳಗೆ ಬಾಗಿರುವಾಗಲೇ ಕೀಳಬೇಕು. ಅಂಚು ಚಪ್ಪಟೆಯಾಗಿ ಮೇಲೇಳತೊಡಗಿತು ಅಂದರೆ ತಡವಾಯಿತು. ನೆಲದ ಮೇಲೆ ಹಿಟ್ಟು ಉದುರಿದಂತೆ ಬಿಳಿ ಬೀಜಕ, ಅಂದರೆ ಅಣಬೆ ಉದುರಿಸುವ ಸಣ್ಣ ಪುಡಿ, ಬೀಳುತ್ತದೆ. ಕೆಲವರಿಗೆ ಅದರಿಂದ ಕೆಮ್ಮು, ಸೀನು ಬರುತ್ತದೆ. ಆಸ್ತಮಾ ಇರುವವರ ಮನೆಯೊಳಗೆ ಇದು ಬೇಡ, ಮಲಗುವ ಕೋಣೆಯಲ್ಲಂತೂ ಯಾರಿಗೂ ಬೇಡ. ಹಸಿರು ಬೂಷ್ಟು ಹರಡಿದ ಬ್ಯಾಗನ್ನು ಮನೆಯೊಳಗೆ ಬಿಚ್ಚಬೇಡಿ. ಹಾಗೇ ಕವರಿಗೆ ಹಾಕಿ ಹೊರಗೆ ಸಾಗಿಸಿ, ಪಕ್ಕದ ಬ್ಯಾಗುಗಳಾದರೂ ಉಳಿಯುತ್ತವೆ.

ಮೂರನೇ ಬೆಳೆಯ ಅಣಬೆ ಗಾತ್ರದಲ್ಲಿ ಚಿಕ್ಕದು, ರುಚಿಯಲ್ಲಿ ಏನೂ ಕಡಿಮೆಯಿಲ್ಲ. ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಹಾಕಿ ಬಾಣಲೆಯಲ್ಲಿ ನೀರು ಇಂಗುವವರೆಗೆ ಹುರಿದರೆ ರೊಟ್ಟಿಗೆ ಬೇರೇನೂ ಬೇಡ. ಕೆಲವು ಬ್ಯಾಗ್ ನಾಲ್ಕನೇ ಸಲವೂ ಕೊಡುತ್ತದೆ, ಆದರೆ ನಾನು ಕಾಯುವುದಿಲ್ಲ. ಹುಲ್ಲು ಮೆತ್ತಗಾಗಿ ಕಂದು ನೀರು ಬಿಡತೊಡಗಿದಾಗ ಪ್ಲಾಸ್ಟಿಕ್ ತೆಗೆದು ಗೊಬ್ಬರದ ಡ್ರಮ್ಮಿಗೆ ಹಾಕುತ್ತೇನೆ. ಕಳಿತ ಮೇಲೆ ಮಲ್ಲಿಗೆ ಕುಂಡಕ್ಕೆ. ಒಂದು ಬ್ಯಾಗಿನ ಎರಡನೇ ಮೊಗ್ಗು ಕಂಡ ದಿನವೇ ಮುಂದಿನದಕ್ಕೆ ಹೇಳಿಬಿಡಿ, ಆಗ ಮೂರನೇ ಬೆಳೆ ಮುಗಿಯುವ ಹೊತ್ತಿಗೆ ಹೊಸದರ ಮೊದಲ ಬೆಳೆ ಬಂದಿರುತ್ತದೆ.