ಹವಾನಾ ಸಿಗಾರ್ ಕಾರ್ಖಾನೆಯೋ, ವಿನ್ಯಾಲೆಸ್ ಹೊಗೆಸೊಪ್ಪಿನ ತೋಟವೋ?

ತುಮಕೂರಿನಿಂದ ಕ್ಯೂಬಾಕ್ಕೆ ಹೊರಟಿದ್ದೀರಾ? ಸಿಗಾರ್ ಸುತ್ತುವುದನ್ನು ನೋಡದೆ ಬರಬೇಡಿ. ಬೀಡಿ ಕಟ್ಟುವ ಮನೆಗಳಿರುವ ಊರು ನಮ್ಮದು. ಆ ಕೈಗಳ ಬೆಲೆ ನಮಗೆ ಬೇಗ ಅರ್ಥವಾಗುತ್ತದೆ.

ಒಂದೇ ಜಾಗಕ್ಕೆ ಸಮಯವಿದ್ದರೆ ನನ್ನ ಓಟು ಹವಾನಾ ಕಾರ್ಖಾನೆಗೆ. ಸಾಲು ಮೇಜು, ಒಬ್ಬೊಬ್ಬರ ಮುಂದೆ ಮರದ ಹಲಗೆ, ಕೈಯಲ್ಲಿ ‘ಚಾವೆಟಾ’ ಎಂಬ ಬಾಗಿದ ಅಲಗು. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೊಂದು ನುಣುಪಾದ ಎಲೆ. ಮೂರೂ ಹೊಗೆಸೊಪ್ಪೇ. ನಮ್ಮ ಬೀಡಿಗೆ ದಾರ ಬೇಕು. ಇಲ್ಲಿ ತುದಿಗೆ ಎಲೆಯ ಚೂರಿನ ಟೋಪಿ, ಸ್ವಲ್ಪ ಅಂಟು, ಅಷ್ಟೇ.

ಇನ್ನೊಂದು ವಿಶೇಷ, ಓದುಗರು. ಸುತ್ತುವವರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಹವಾನಾದಲ್ಲಿ 1865ರಲ್ಲಿ ಶುರುವಾಯಿತು. ದಿನವಿಡೀ ತಲೆ ಬಗ್ಗಿಸಿ ಬೀಡಿ ಕಟ್ಟುವ ನಮ್ಮ ಹೆಣ್ಣುಮಕ್ಕಳಿಗೂ ಇಂಥದ್ದೊಂದು ಇರಬೇಕಿತ್ತು, ಅಲ್ವಾ?

ತೊಂದರೆಯೂ ಇದೆ. ಟಿಕೆಟ್ ಮೊದಲೇ ಕೊಳ್ಳಬೇಕು. ಫೋಟೋಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಗೈಡ್ ಜೊತೆ ಗುಂಪಿನಲ್ಲೇ ನಡೆಯಬೇಕು.

ಫೋಟೋ, ಮಾತುಕತೆ ಜಾಸ್ತಿ ಬೇಕೆನ್ನುವವರಿಗೆ ವಿನ್ಯಾಲೆಸ್ ಸರಿ. ಹವಾನಾದಿಂದ ಸುಮಾರು 180 ಕಿ.ಮೀ. ಪಶ್ಚಿಮಕ್ಕಿದೆ, ಇಡೀ ದಿನ ಬೇಕು. ಗರಿ ಹೊದಿಸಿದ ಕೊಟ್ಟಿಗೆಯಲ್ಲಿ ಎಲೆಗಳು ಜೋತುಬಿದ್ದು ಒಣಗುತ್ತಿರುತ್ತವೆ. ರೈತರೇ ಎದುರಿಗೆ ಕೂತು ಸಿಗಾರ್ ಸುತ್ತಿ ತೋರಿಸುತ್ತಾರೆ. ಹೊಲದಲ್ಲಿ ಬೆಳೆ ನೋಡಬೇಕೆಂದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ಮಕ್ಕಳಿದ್ದರೆ ಬಯಲಿನ ಗಾಳಿಯ ಈ ತೋಟವೇ ವಾಸಿ.