ಗೌಜಲಕ್ಕಿ ಎಣಿಸೋಕೆ ಯಾವುದು ಒಳ್ಳೇದು: ಕೂಗು, ಬೈಕು, ಇಲ್ಲಾ ಕಾಲ್ನಡಿಗೆ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಒಂದೇ ಒಂದು ಬೆಳಗ್ಗೆ ಇದ್ದರೆ ಕೂಗು ಎಣಿಸಿ. ಹಕ್ಕಿ ಮುಂದಿನ ವರ್ಷವೂ ಅಲ್ಲಿ ಉಳಿಯುತ್ತಾ ಅಂತ ತಿಳಿಯಬೇಕಾದರೆ ನಡೆಯಲೇಬೇಕು. ಬೈಕು ಒಂದೇ ಕೆಲಸಕ್ಕೆ ಆಗುತ್ತದೆ, ಆದರೆ ಆ ಕೆಲಸವನ್ನು ಉಳಿದ ಎರಡೂ ಮಾಡಲ್ಲ.

ನಾನು ಇವನ್ನು ಹೋಲಿಸಿ ನೋಡಿದ್ದು ತುಮಕೂರು ಜಿಲ್ಲೆಯ ಎರಡು ಕಡೆ. ಒಂದು ಮಧುಗಿರಿ ತಾಲೂಕಿನ ಮೈದನಹಳ್ಳಿ ಸುತ್ತಲಿನ ಹೊಲ, ಗೋಮಾಳ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಆಯಿತಲ್ಲ, ಆ ಕಾವಲಿನ ಹೊರಗಡೆ. ಒಳಗೆ ಎಣಿಸಬೇಕಾದರೆ ಅರಣ್ಯ ಇಲಾಖೆಯವರ ಅನುಮತಿ ಬೇಕು. ಇನ್ನೊಂದು ದೇವರಾಯನದುರ್ಗದ ಬುಡದ ಕುರುಚಲು ಕಾಡಿನ ಅಂಚು. ಹಕ್ಕಿ ಅಂದರೆ ಮುಖ್ಯವಾಗಿ ಗೌಜಲು (ಇಂಗ್ಲಿಷಿನ ಗ್ರೇ ಫ್ರಾಂಕೋಲಿನ್), ಜೊತೆಗೆ ಬುರ್ಲಿ (ಕ್ವೇಲ್).

ಅಮೆರಿಕದಲ್ಲಿ ಈ ಥರದ ಎಣಿಕೆಗಳನ್ನು ಬೇಟೆ ಸೀಸನ್ ಶುರುವಾಗುವ ಮುಂಚೆ, ಈ ಸಲ ಹಕ್ಕಿ ಎಷ್ಟಿದೆ ಅಂತ ನೋಡೋಕೆ ಮಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಗೌಜಲು ಹೊಡೆದರೆ ಕೇಸು. ಹಾಗಂತ ಉರುಳು, ಬಲೆ ನಿಂತಿಲ್ಲ. ಗೋಮಾಳ, ಬದುಗಳು ಬೇರೆ ಕರಗುತ್ತಾ ಇವೆ. ಅದಕ್ಕೇ ಎಣಿಸಬೇಕು.

ಕೂಗಿನ ಎಣಿಕೆಗೆ ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚೆ ಮೊದಲ ಜಾಗದಲ್ಲಿ ನಿಂತಿರಬೇಕು. ಐದು ನಿಮಿಷ ಮಾತಾಡದೆ ನಿಲ್ಲೋದು, ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು ಯಾವ ದಿಕ್ಕಿನಿಂದ ಕೂಗು ಬಂತೋ ಅಲ್ಲಿ ಚುಕ್ಕೆ ಇಡೋದು, ಆಮೇಲೆ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿ ಮತ್ತೆ ಅದೇ ಕೆಲಸ. ಇನ್ನೂ ಹತ್ತಿರ ಹತ್ತಿರ ನಿಂತರೆ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಗೌಜಲು ಕೂಗಿದರೆ ಕೇಳಿಸದೆ ಇರಲ್ಲ. ಒಂದು ‘ಕತೀತರ್ ಕತೀತರ್’ ಅಂತ ಶುರು ಮಾಡಿದರೆ ಸಾಕು, ಆಚೆ ಬದುವಿನಿಂದ ಇನ್ನೊಂದು ಜವಾಬು ಕೊಡುತ್ತದೆ, ಅದಕ್ಕೆ ಮತ್ತೊಂದು. ಗಂಡು ಹೆಣ್ಣು ಎರಡೂ ಕೂಗುತ್ತವೆ, ಹಾಗಾಗಿ ಒಂದೇ ಪೊದೆಯಿಂದ ಬಂದ ಎರಡು ದನಿಯನ್ನು ಒಂದು ಜೋಡಿ ಅಂತ ಬರೆಯಿರಿ.

ಇದಕ್ಕೆ ಕಾಲ ನೋಡಬೇಕು. ಯುಗಾದಿ ಆಸುಪಾಸು ಬಹಳ ಚೆನ್ನ, ಜೋಡಿಗಳು ಜಾಗಕ್ಕೆ ಜಗಳ ಆಡೋ ಹೊತ್ತು ಅದು. ಆಷಾಢದಲ್ಲಿ ಹೋಗಲೇಬೇಡಿ, ಆ ಗಾಳಿಗೆ ಪಕ್ಕದವರು ಮಾತಾಡಿದ್ದೇ ಕೇಳಿಸಲ್ಲ. ಧನುರ್ಮಾಸದಲ್ಲಿ ಬೆಳಗ್ಗೆ ಐದಕ್ಕೇ ಊರೂರಿನ ದೇವಸ್ಥಾನದ ಮೈಕು ಶುರುವಾಗುತ್ತದೆ, ದೇವರ ಮುಂದೆ ಗೌಜಲು ಸೋಲುತ್ತದೆ. ಮಳೆಗಾಲದ ಬುರ್ಲಿಗಂತೂ ಕೂಗು ಬಿಟ್ಟರೆ ಬೇರೆ ದಾರಿ ಇಲ್ಲ, ಹುಲ್ಲಿನೊಳಗೆ ‘ವಿಟ್ ವಿಟ್’ ಅಂತ ಕೇಳುತ್ತದೆ, ಕಣ್ಣಿಗೆ ಬೀಳಲ್ಲ. ಕೂಗು ಗುರುತಿಸುವ ಮೊಬೈಲ್ ಆ್ಯಪ್ ಹಕ್ಕಿಯ ಹೆಸರು ಹೇಳುತ್ತದೆ ಅಷ್ಟೇ, ಮೂರು ಕಡೆಯಿಂದ ಕೂಗಿದ್ದು ಮೂರು ಹಕ್ಕಿ ಅಂತ ಹೇಳೋಕೆ ನಿಮ್ಮ ಕಿವಿಯೇ ಬೇಕು.

ಇನ್ನು ಬೈಕು. ಅಯೋವಾ ರಾಜ್ಯದಲ್ಲಿ ಆಗಸ್ಟ್ ಮೊದಲ ಎರಡು ವಾರ, ಇಬ್ಬನಿ ಜೋರಾಗಿ ಬಿದ್ದಿರುವ ಬೆಳಗ್ಗೆ, 30 ಮೈಲಿ ಮಣ್ಣು ರಸ್ತೆಯಲ್ಲಿ ನಿಧಾನಕ್ಕೆ ಗಾಡಿ ಓಡಿಸಿ ಫೆಸೆಂಟ್ (ಕೋಳಿ ಜಾತಿಯ ಕಾಡುಹಕ್ಕಿ), ಕ್ವೇಲ್ ಎಣಿಸುತ್ತಾರೆ. ಹುಲ್ಲು ಒದ್ದೆ ಆದಾಗ ತಾಯಿ ಹಕ್ಕಿ ಮರಿಗಳನ್ನು ಕರೆದುಕೊಂಡು ಮೈ ಒಣಗಿಸೋಕೆ ರಸ್ತೆಗೆ ಬರುತ್ತದೆ ಅನ್ನೋದು ಲೆಕ್ಕ. ನಮ್ಮಲ್ಲಿ ಆಗಸ್ಟಿನಲ್ಲಿ ಅಂಥ ಇಬ್ಬನಿ ಎಲ್ಲಿ? ರಾತ್ರಿ ಮಳೆ ಬಂದು ಬೆಳಗ್ಗೆ ಬಿಸಿಲು ಬಿಟ್ಟ ದಿನ ಮಾತ್ರ ಈ ಉಪಾಯ ನಡೆಯುತ್ತದೆ. ಆವತ್ತು ಎರಡನೇ ಗೇರಿನಲ್ಲಿ ಬಂಡಿ ಜಾಡಿನಲ್ಲಿ ಹೋದರೆ ರಾಗಿ ಹೊಲದಂಚಿಗೆ ಗೌಜಲು ಮರಿ ಸಮೇತ ನಿಂತಿರುತ್ತದೆ, ಹಾರಲ್ಲ, ತಲೆ ಎತ್ತಿ ನೋಡಿ ಓಡುತ್ತದೆ. ಮರಿ ಎಷ್ಟು, ಎಷ್ಟು ದೊಡ್ಡದು, ಅಂದರೆ ಈ ವರ್ಷ ಮೊಟ್ಟೆ ಉಳಿಯಿತಾ ಇಲ್ಲವಾ ಅನ್ನೋದು ಬೈಕಿನಿಂದ ಗೊತ್ತಾದಷ್ಟು ಬೇರೆ ಯಾವುದರಿಂದಲೂ ಆಗಲ್ಲ. ಒಟ್ಟು ಸಂಖ್ಯೆಗೆ ಮಾತ್ರ ಇದನ್ನು ನಂಬಬೇಡಿ. ಜಾಡಿನ ಪಕ್ಕ ಇರೋದಷ್ಟೇ ಕಾಣೋದು. ಟಾರು ರಸ್ತೆಯಲ್ಲಂತೂ ಪೆಟ್ರೋಲು ದಂಡ.

ಕಾಲ್ನಡಿಗೆಯಲ್ಲಿ ಹಕ್ಕಿ ಕಡಿಮೆ ಸಿಗುತ್ತವೆ, ಸುಸ್ತು ಜಾಸ್ತಿ. ಒಂದು ಕಿಲೋಮೀಟರ್ ನೇರ ಗೆರೆ ಹಿಡಿದು ಇಬ್ಬರು ನಡೆಯೋದು, ಹಕ್ಕಿ ಎದ್ದಾಗ ಗೆರೆಯಿಂದ ಎಷ್ಟು ದೂರ ಅಂತ ಬರೆಯೋದು. ಗೌಜಲು ನಮ್ಮ ಸದ್ದಿಗೆ ಮುಂಚೆಯೇ ಓಡಿ ಪೊದೆ ಸೇರಿರುತ್ತದೆ. ಪೊದೆ ಬುರ್ಲಿ ಇದಕ್ಕೆ ಉಲ್ಟಾ, ತುಳಿಯೋ ತನಕ ಕೂತಿದ್ದು ಕಾಲ ಕೆಳಗಿಂದ ಭರ್ರಂತ ಹತ್ತು ದಿಕ್ಕಿಗೆ ಸಿಡಿಯುತ್ತವೆ, ಎಣಿಸೋಕೆ ಬಿಡಲ್ಲ.

ಆದರೂ ನಡೆಯಿರಿ ಅನ್ನುತ್ತೇನೆ, ಯಾಕಂದರೆ ನೆಲ ಓದೋಕೆ ಸಿಗೋದು ಆಗಲೇ. ತಂಗಡಿ ಗಿಡದ ಬುಡದಲ್ಲಿ ಅಂಗೈ ಅಗಲದ ಗುಳಿ ಇರುತ್ತದೆ, ಒಳಗೆ ಕೆಂಪು ಮಣ್ಣು ಹಿಟ್ಟು ಹಿಟ್ಟಾಗಿರುತ್ತದೆ, ಅಂಚಿನಲ್ಲಿ ಸಣ್ಣ ಅಡ್ಡಪಟ್ಟಿಯ ಪುಕ್ಕ. ಗೌಜಲು ಧೂಳು ಸ್ನಾನ ಮಾಡಿದ ಜಾಗ ಅದು. ಪಕ್ಕದಲ್ಲಿ ಗೆದ್ದಲು ಮಣ್ಣು ಕೆದರಿರುತ್ತದೆ, ರಾತ್ರಿ ಕೂರುವ ಜಾಲಿ ಮರದ ಕೆಳಗೆ ಹಿಕ್ಕೆ. ಬಯಲು, ಮುಳ್ಳು ಪೊದೆ, ಹೊಲದ ಬದು, ಮೂರೂ ಹತ್ತಿರ ಹತ್ತಿರ ಇದ್ದರೆ ಹಕ್ಕಿ ಇರುತ್ತದೆ. ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದ ಕಡೆ ಕೆಳಗೆ ಹುಲ್ಲೇ ಇರಲ್ಲ, ಅಲ್ಲಿ ನನಗೆ ಇಂಥ ಗುಳಿ ಸಿಕ್ಕಿಲ್ಲ. ಉಪಗ್ರಹ ನಕ್ಷೆ ನೋಡಿ ಜಾಗ ಆರಿಸೋರಿಗೆ ಇಲ್ಲೇ ಪೆಟ್ಟು: ಮೇಲಿಂದ ಕುರುಚಲೂ ಹಸಿರು, ಬಳ್ಳಾರಿ ಜಾಲಿಯೂ ಹಸಿರು. ಅನುಮಾನ ಇಲ್ಲದೆ ಕಾಣೋದು ಪಾವಗಡದ 13,000 ಎಕರೆ ಸೋಲಾರ್ ಪಾರ್ಕ್ ಒಂದೇ.

ಕುರಿ ಕಾಯೋರನ್ನು ಕೇಳೋದೂ ಒಂದು ವಿಧಾನವೇ. ಅವರು ಹೇಳೋ ಸಂಖ್ಯೆ ಬಿಡಿ, ‘ಬೇಜಾನ್ ಅವೆ’ ಅನ್ನೋದನ್ನು ಎಲ್ಲಿ ಬರೆಯೋದು? ಆದರೆ ಕಾರಣ ಅವರಿಗೆ ಗೊತ್ತು. ‘ಯಾಕಜ್ಜ, ಈ ಕಡೆ ಕೂಗೇ ಇಲ್ವಲ್ಲ’ ಅಂದರೆ, ‘ಆ ಬದೂನೆಲ್ಲ ಜೆಸಿಬಿ ತಂದು ಕಿತ್ತಾಕವ್ರಲ್ಲ ಸ್ವಾಮಿ, ಎಲ್ಲಿ ಕೂತ್ಕತವೆ?’ ಅಂದರು ಒಬ್ಬರು. ಹೋಗಿ ನೋಡಿದರೆ ಕತ್ತಾಳೆ ಬೇಲಿ ಸಮೇತ ಬದು ಹೋಗಿ ಅಡಿಕೆ ಸಸಿ ನೆಟ್ಟಿದ್ದರು.

ದೇವರಾಯನದುರ್ಗದ ಕಡೆ ಲೆಕ್ಕವೇ ಬೇರೆ. ಬಂಡೆ, ಲಂಟಾನದ ನಡುವೆ ಗೆರೆ ಹಿಡಿದು ನಡೆಯೋಕೆ ಆಗಲ್ಲ, ಬೈಕಿಗೆ ದಾರಿ ಇಲ್ಲ, ನವಿಲು ಕೂಗೋಕೆ ಶುರು ಮಾಡಿದರೆ ಬೇರೆ ದನಿ ಮುಚ್ಚಿಹೋಗುತ್ತದೆ. ಅಲ್ಲಿ ಬೇಸಿಗೆಯಲ್ಲಿ ನೀರಿನ ಗುಂಡಿಯಿಂದ ಸ್ವಲ್ಪ ದೂರ ಕೂತು ಕಾಯೋದೇ ವಾಸಿ. ಕ್ಯಾಮೆರಾ ಕಟ್ಟೋ ಆಸೆ ಇದ್ದರೆ ಕಾಡೊಳಗೆ ಅನುಮತಿ ಬೇಕು, ಹೊರಗೆ ಕಟ್ಟಿದರೆ ಕ್ಯಾಮೆರಾ ಉಳಿಯೋ ಭರವಸೆ ಇಲ್ಲ.

ಸ್ಪೀಕರಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸೋದು ನನಗೆ ಇಷ್ಟ ಇಲ್ಲ. ಸಾಕಿದ ಗೌಜಲನ್ನು ಪಂಜರದಲ್ಲಿಟ್ಟು ಕೂಗಿಸಿ ಬಲೆಗೆ ಬೀಳಿಸೋರು ಮಾಡೋದೂ ಅದನ್ನೇ, ಮೇಲೆ ಮೊಟ್ಟೆ ಕಾಲದಲ್ಲಿ ಹಕ್ಕಿಗೆ ಸುಮ್ನೆ ಹಿಂಸೆ. ಎಣಿಕೆಯನ್ನು ನಾಲ್ಕು ಜನಕ್ಕೆ ಹೇಳುವಾಗ ಹೋಬಳಿ ಹೆಸರು ಸಾಕು. ಬದು, ಜಾಲಿ ಮರದ ಗುರುತು ಹಾಕಬೇಡಿ, ಉರುಳು ಕಟ್ಟೋರ ಕೈಯಲ್ಲೂ ಮೊಬೈಲ್ ಇದೆ.